ಕರಾವಳಿಯ ಪಾಠಗಳನ್ನು ಒಟ್ಟಿಗೆ ಕಟ್ಟೋಣ: ತುಳುನಾಡಿನ ಬಗ್ಗೆ ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬಾರ್ಕೂರು, ಬಸದಿಗಳು, ರಾಣಿ ಅಬ್ಬಕ್ಕ, ಮೀನುಗಾರಿಕೆ, ಯಕ್ಷಗಾನ. ಇವುಗಳ ಬಗ್ಗೆ ಪಾಠ ಮಾಡುವ ಶಿಕ್ಷಕರು ಉಡುಪಿ, ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟು ಇದ್ದಾರೆ. ಅವರು ಮಾಡಿದ ಸ್ಲೈಡು, ತೆಗೆದ ಫೋಟೋ, ಬರೆದ ಟಿಪ್ಪಣಿಯೂ ಬೇಕಾದಷ್ಟಿದೆ. ಆದರೆ ಅದೆಲ್ಲ ಒಬ್ಬೊಬ್ಬರ ಫೋನಿನಲ್ಲಿ, ಪೆನ್‌ಡ್ರೈವಿನಲ್ಲಿ, ಸ್ಟಾಫ್ ರೂಮಿನ ಹಳೇ ಕಂಪ್ಯೂಟರಿನಲ್ಲಿ ಉಳಿದುಬಿಟ್ಟಿದೆ. ಕಾರ್ಕಳದ ಟೀಚರ್ ಮಾಡಿದ್ದನ್ನೇ ಕುಂದಾಪುರದ ಮಾಷ್ಟ್ರು ಮತ್ತೆ ಮೊದಲಿಂದ ಮಾಡುತ್ತಾರೆ. ವರ್ಗಾವಣೆಯಾದರೆ, ನಿವೃತ್ತಿಯಾದರೆ, ಫೋನ್ ಹಾಳಾದರೆ ಅಷ್ಟೂ ಹೋಯಿತು.

ಇದನ್ನು ಒಂದು ಕಡೆ ಸೇರಿಸಿ ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಮಾಡಬಹುದು. ದುಡ್ಡು ಹೆಚ್ಚು ಬೇಡ, ಕಂಪ್ಯೂಟರ್ ಪಂಡಿತರೂ ಬೇಡ. ಆದರೆ ಒಂದು ಅಳತೆಗೋಲನ್ನು ಮೊದಲಿಂದ ಕೊನೆಯ ತನಕ ಕೈಯಲ್ಲಿ ಹಿಡಿದಿರಬೇಕು. ನಿಮ್ಮ ಪರಿಚಯವೇ ಇಲ್ಲದ ಶಿಕ್ಷಕರೊಬ್ಬರು ರಾತ್ರಿ ಅದನ್ನು ಇಳಿಸಿಕೊಂಡು, ತಮ್ಮ ಮಕ್ಕಳಿಗೆ ಬೇಕಾದ ಹಾಗೆ ಬದಲಿಸಿ, ಮರುದಿನ ಬೆಳಿಗ್ಗೆ ಪಾಠ ಮಾಡಲು ಸಾಧ್ಯವೇ? ಸಾಧ್ಯ ಅಂತಾದರೆ ಅದು ಹಂಚುವ ಸಾಮಗ್ರಿ. ಇಲ್ಲವಾದರೆ ಎಷ್ಟು ಚೆಂದ ಇದ್ದರೂ ಅದು ಸುಮ್ನೆ ಒಂದು ಸಂಗ್ರಹ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಪ್ರಶ್ನೆಯಿಂದಲೇ ಹುಟ್ಟಿದ್ದು.

ಹೆಜ್ಜೆ 1: ಸಣ್ಣ ಗುಂಪು, ಸ್ಪಷ್ಟ ಕೆಲಸ

ಐದಾರು ಜನ ಸಾಕು. ವಾಟ್ಸಾಪ್‌ನಲ್ಲಿ ಇನ್ನೂರು ಜನರ ಗುಂಪು ಮಾಡಿದರೆ ಶುಭಾಶಯ ಬರುತ್ತದೆ, ಪಾಠ ಬರುವುದಿಲ್ಲ. ಹೈಸ್ಕೂಲಿನ ಸಮಾಜ ವಿಜ್ಞಾನದವರು ಇಬ್ಬರು, ಒಬ್ಬರು ಕನ್ನಡ ಅಥವಾ ತುಳು ಕಲಿಸುವವರು, ಪಿಯು ಅಥವಾ ಪದವಿ ಕಾಲೇಜಿನ ಇತಿಹಾಸದವರು ಒಬ್ಬರು, ಕಂಪ್ಯೂಟರಿನಲ್ಲಿ ಕೈ ಪಳಗಿದವರು ಒಬ್ಬರು. ಶಾಲೆ ಮತ್ತು ಕಾಲೇಜು ಎರಡೂ ಕಡೆಯವರು ಇರಲೇಬೇಕು. ಕಾಲೇಜಿನವರಿಗೆ ಆಕರ ಗೊತ್ತಿರುತ್ತದೆ. ಏಳನೇ ಕ್ಲಾಸಿನ ಮಗುವಿಗೆ ಎಷ್ಟು ಹೇಳಬೇಕು ಅಂತ ಶಾಲೆಯವರಿಗೆ ಗೊತ್ತಿರುತ್ತದೆ.

ಕೆಲಸಗಳನ್ನು ಹೆಸರು ಹಿಡಿದು ಹಂಚಿಕೊಳ್ಳಿ. ಬರೆಯುವವರು ಯಾರು, ಬರೆದದ್ದನ್ನು ಪರಿಶೀಲಿಸುವವರು ಯಾರು, ಅನುಮತಿ ಪತ್ರ ಜೋಪಾನ ಮಾಡುವವರು ಯಾರು, ಫೈಲುಗಳನ್ನು ನೋಡಿಕೊಳ್ಳುವವರು ಯಾರು. ಬರೆದವರೇ ಪರಿಶೀಲಿಸುವುದು ಬೇಡ. ಈ ಒಂದು ನಿಯಮ ಮುರಿಯಬೇಡಿ. ಬಿಆರ್‌ಸಿ (ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ) ಅಥವಾ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇವುಗಳವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ಮುಂದೆ ತರಬೇತಿಯಲ್ಲಿ ಇದನ್ನು ಬಳಸಲು ದಾರಿಯಾಗುತ್ತದೆ.

ಹೆಜ್ಜೆ 2: ಇಡೀ ತುಳುನಾಡು ಬೇಡ, ಒಂದು ವಸ್ತು ಸಾಕು

‘ತುಳುನಾಡಿನ ಇತಿಹಾಸ ಮತ್ತು ಸಂಸ್ಕೃತಿ’ ಅಂತ ಶೀರ್ಷಿಕೆ ಇಟ್ಟು ಹೊರಟರೆ ಮುಗಿಯುವುದೇ ಇಲ್ಲ. ಹಿಂದೆ ಈ ನಾಡನ್ನು ಆಳಿದ ಆಳುಪ ಅರಸರಿಂದ ಹಿಡಿದು ಪಣಂಬೂರು ಬಂದರಿನ ತನಕ ಎಲ್ಲವನ್ನೂ ಹೇಳಲು ಹೋಗಿ ಯಾವುದನ್ನೂ ಹೇಳದ ಹಾಗಾಗುತ್ತದೆ. ಮಕ್ಕಳು ದಿನಾ ನೋಡುವ ಒಂದು ವಸ್ತುವಿನಿಂದ ಶುರು ಮಾಡಿ. ನಾನಾದರೆ ಹೆಂಚನ್ನು ಆರಿಸುತ್ತೇನೆ. ಏಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಒಳ್ಳೆಯ ವಿಷಯ ಆರಿಸುವುದು ಹೇಗೆ ಅಂತ ಇದರಿಂದ ಗೊತ್ತಾಗುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿನ ಜೆಪ್ಪುವಿನಲ್ಲಿ ಅವರ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅದು ಇಲ್ಲೇ ಏಕೆ ಬಂತು? ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಹದವಾದ ಜೇಡಿಮಣ್ಣು. ಸುಡಲು ಕಟ್ಟಿಗೆ. ಎರಡನ್ನೂ ತರಲು ನದಿಯ ದಾರಿ, ಸಾಗಿಸಲು ಪಕ್ಕದಲ್ಲೇ ಹಳೇ ಬಂದರು. ಇದು ಭೂಗೋಳದ ಪಾಠ. ಕಾರ್ಖಾನೆಗಳಲ್ಲಿ ಊರಿನ ತುಂಬ ಹೆಂಗಸರು ದುಡಿದರು. ಇದು ದುಡಿಮೆಯ, ಸಮಾಜದ ಪಾಠ. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್‌ನ ಉದ್ಯಮಗಳು ಬ್ರಿಟಿಷರ ವಶಕ್ಕೆ ಹೋಗಿ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಬಂದವು. ದೂರದ ಯುರೋಪಿನ ಯುದ್ಧ ನಮ್ಮ ಊರಿನ ಕಾರ್ಖಾನೆಯನ್ನು ಮುಟ್ಟಿದ ಕಥೆ ಇದು. ಆಮೇಲೆ ಆರ್‌ಸಿಸಿ (ಕಾಂಕ್ರೀಟ್) ಮಾಡು, ಅಂದರೆ ಛಾವಣಿ, ಬಂತು, ಹೆಂಚಿಗೆ ಬೇಡಿಕೆ ಇಳಿಯಿತು. ಇದು ಅರ್ಥಶಾಸ್ತ್ರ. ಒಂದು ಹೆಂಚಿನಲ್ಲಿ ಇಷ್ಟೆಲ್ಲ ಇದೆ.

ಇಷ್ಟೇ ಒಳ್ಳೆಯ ಇನ್ನೊಂದು ವಿಷಯ ಗದ್ದೆ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಅಂತ ಗದ್ದೆಯಲ್ಲಿ ಮೂರು ಬಗೆ. ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಗೆಯ ಕೊಳಕೆ ಅಂತ ಬೆಳೆಯೂ ಮೂರು. ಯಾವ ಗದ್ದೆಯಲ್ಲಿ ಎಷ್ಟು ಬೆಳೆ ಅನ್ನುವುದು ನೀರು ಎಲ್ಲಿ ಎಷ್ಟು ದಿನ ನಿಲ್ಲುತ್ತದೆ ಅನ್ನುವುದರ ಮೇಲೆ ನಿಂತಿದೆ. ಮಳೆ, ಮಣ್ಣು, ಎತ್ತರ ಎಲ್ಲವನ್ನೂ ಮಕ್ಕಳು ಇಲ್ಲಿಂದಲೇ ಕಲಿಯಬಹುದು. ಮೊದಲ ವರ್ಷಕ್ಕೆ ಇಂಥ ನಾಲ್ಕೈದು ವಿಷಯ ಸಾಕು.

ಹೆಜ್ಜೆ 3: ಒಂದು ಘಟಕದಲ್ಲಿ ಏನೇನು ಇರಬೇಕು

ಒಂದು ಪೀರಿಯಡ್‌ಗೆ ಒಂದು ಘಟಕ. ನಲವತ್ತು ನಿಮಿಷದಲ್ಲಿ ಮುಗಿಯದ್ದನ್ನು ಎರಡು ಘಟಕ ಮಾಡಿ. ಎರಡೂ ಬಿಡಿಬಿಡಿಯಾಗಿ ನಿಲ್ಲುವ ಹಾಗಿರಲಿ, ಏಕೆಂದರೆ ಇನ್ನೊಬ್ಬ ಶಿಕ್ಷಕರಿಗೆ ಒಂದೇ ಬೇಕಾಗಬಹುದು.

ಹೆಂಚಿನ ಘಟಕವನ್ನೇ ತೆಗೆದುಕೊಳ್ಳಿ. ಮೊದಲ ಪುಟ ಶಿಕ್ಷಕರಿಗೆ: ಯಾವ ತರಗತಿಗೆ, ಎಷ್ಟು ಹೊತ್ತು ಬೇಕು, ಮಕ್ಕಳಿಗೆ ಮೊದಲೇ ಏನು ಗೊತ್ತಿರಬೇಕು, ಪಠ್ಯಪುಸ್ತಕದ ಯಾವ ಪಾಠದ ಜೊತೆ ಸೇರುತ್ತದೆ. ಕೊನೆಯದ್ದು ತುಂಬ ಮುಖ್ಯ. ಸಿಲೆಬಸ್ ಮುಗಿಸುವ ಗಡಿಬಿಡಿಯಲ್ಲಿ ಇರುವವರಿಗೆ ‘ಇದು ಹೆಚ್ಚುವರಿ ಪಾಠ’ ಅಂತ ಕಂಡರೆ ಅವರು ಮುಟ್ಟುವುದೇ ಇಲ್ಲ. ‘ಕೈಗಾರಿಕೆಗಳ ಪಾಠಕ್ಕೆ ಉದಾಹರಣೆಯಾಗಿ ಬಳಸಿ’ ಅಂತ ಇದ್ದರೆ ಬಳಸುತ್ತಾರೆ.

ಎರಡನೆಯದು ಮಕ್ಕಳು ಓದುವ ಬರಹ, ಒಂದೂವರೆ ಪುಟಕ್ಕಿಂತ ಜಾಸ್ತಿ ಬೇಡ. ಮೂರನೆಯದು ಎರಡೋ ಮೂರೋ ಮೂಲ ಆಕರ: ಒಂದು ಹಳೇ ಫೋಟೋ, ಒಂದು ನಕ್ಷೆ, ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಅಜ್ಜಿಯೊಬ್ಬರ ಎರಡು ನಿಮಿಷದ ಮಾತು. ನಾಲ್ಕನೆಯದು ಚಟುವಟಿಕೆ. ಹಳೇ ಹೆಂಚಿನ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರುತ್ತದೆ. ಮನೆಯ ಹಿತ್ತಿಲಲ್ಲಿ ರಾಶಿ ಹಾಕಿದ ಹೆಂಚು ಇದ್ದರೆ ಮಕ್ಕಳು ಅದನ್ನು ನೋಡಿ, ಹೆಸರು ಬರೆದುಕೊಂಡು ಬರಲಿ. ಮಾಡಿಗೆ ಹತ್ತಬಾರದು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಎಲ್ಲರೂ ತಂದ ಹೆಸರುಗಳನ್ನು ಬೋರ್ಡಿನ ಮೇಲೆ ಪಟ್ಟಿ ಮಾಡಿದರೆ, ತಮ್ಮ ಊರಿಗೆ ಹೆಂಚು ಎಲ್ಲೆಲ್ಲಿಂದ ಬಂತು ಅನ್ನುವ ನಕ್ಷೆಯನ್ನು ಮಕ್ಕಳೇ ಮಾಡುತ್ತಾರೆ. ಪಠ್ಯಪುಸ್ತಕದಲ್ಲಿ ಎಲ್ಲೂ ಇಲ್ಲದ ಮಾಹಿತಿ ಅದು. ಇಂಥ ಚಟುವಟಿಕೆ ಒಂದಾದರೂ ಇಲ್ಲದ ಘಟಕವನ್ನು ನಾನು ಒಪ್ಪುವುದಿಲ್ಲ. ಊರಿನ ಬಗ್ಗೆ ಕಲಿಯುವಾಗ ಮಗು ಊರಿನಿಂದ ಏನಾದರೂ ತರಬೇಕು.

ಕೊನೆಗೆ ನಾಲ್ಕೈದು ಪ್ರಶ್ನೆ, ಆಕರಗಳ ಪಟ್ಟಿ, ಬಳಕೆಯ ಷರತ್ತು. ಎಲ್ಲವನ್ನೂ ತಿದ್ದಲು ಬರುವ ರೂಪದಲ್ಲಿ ಕೊಡಿ. ಬರೀ ಪಿಡಿಎಫ್ ಕೊಟ್ಟರೆ ಬೈಂದೂರಿನ ಶಿಕ್ಷಕರು ಜೆಪ್ಪುವಿನ ಉದಾಹರಣೆಯ ಜೊತೆ ತಮ್ಮ ಊರಿನದ್ದನ್ನು ಸೇರಿಸಲು ಆಗುವುದಿಲ್ಲ. ವರ್ಡ್ ಅಥವಾ ಓಪನ್ ಡಾಕ್ಯುಮೆಂಟ್ ಫೈಲು ಒಂದು, ಪ್ರಿಂಟ್ ತೆಗೆಯಲು ಪಿಡಿಎಫ್ ಒಂದು.

ಹೆಜ್ಜೆ 4: ಸಾಮಗ್ರಿ ಎಲ್ಲಿ ಸಿಗುತ್ತದೆ

ನಮ್ಮ ಅದೃಷ್ಟಕ್ಕೆ ಹತ್ತಿರದಲ್ಲೇ ಒಳ್ಳೆಯ ಜಾಗಗಳಿವೆ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನಾ ಕೇಂದ್ರವಿದೆ. ತುಳು ಶಬ್ದಗಳ ರೂಪ, ಅರ್ಥ ಸಂಶಯವಾದರೆ ಅಲ್ಲಿಂದಲೇ ಪ್ರಕಟವಾದ ಆರು ಸಂಪುಟಗಳ ತುಳು ನಿಘಂಟು ನೋಡಬೇಕು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ಪುಸ್ತಕ, ದಾಖಲೆಗಳ ಸಂಗ್ರಹವಿದೆ. ಬಿಜೈಯ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಪಿಲಿಕುಳದ ಗುತ್ತಿನ ಮನೆ (ಊರಿನ ಹಿರಿಯ ಜಮೀನ್ದಾರಿ ಮನೆಯ ಮಾದರಿ), ಮಣಿಪಾಲದ ಹೆರಿಟೇಜ್ ವಿಲೇಜ್ ಎಲ್ಲವೂ ಒಂದು ದಿನದಲ್ಲಿ ಹೋಗಿ ಬರುವ ದೂರ.

ಆನ್‌ಲೈನಿನಲ್ಲಿ ಇಂಟರ್ನೆಟ್ ಆರ್ಕೈವ್ ನೋಡಿ, ಹಳೇ ಪುಸ್ತಕ, ದನಿಗಳನ್ನು ಉಚಿತವಾಗಿ ಇಡುವ ತಾಣ ಅದು. 1801ರಲ್ಲಿ ಈ ದಾರಿಯಾಗಿ ಹೋದ ಈಸ್ಟ್ ಇಂಡಿಯಾ ಕಂಪೆನಿಯ ಫ್ರಾನ್ಸಿಸ್ ಬುಕಾನನ್ ಬರೆದದ್ದು, 1894ರಲ್ಲಿ ಬಂದ ದಕ್ಷಿಣ ಕೆನರಾ ಜಿಲ್ಲೆಯ ಮ್ಯಾನ್ಯುಯಲ್ (ಬ್ರಿಟಿಷ್ ಆಡಳಿತದ ಜಿಲ್ಲಾ ಕೈಪಿಡಿ) ಅಲ್ಲಿ ಸಿಗುತ್ತವೆ. ಬೆಳೆ, ತೆರಿಗೆ, ರಸ್ತೆ, ಬಂದರುಗಳ ಬಗ್ಗೆ ಅವುಗಳಲ್ಲಿ ಒಳ್ಳೆಯ ವಿವರವಿದೆ. ಜಾತಿ, ಆಚರಣೆಗಳ ಬಗ್ಗೆ ಬರೆದದ್ದು ಮಾತ್ರ ಆಳುವವರ ಕಣ್ಣಿನಿಂದ ಕಂಡದ್ದು. ಅದನ್ನು ಹಾಗೇ ಎತ್ತಿ ಮಕ್ಕಳ ಮುಂದೆ ಇಡಬೇಡಿ. ಯಾರು, ಯಾವಾಗ, ಯಾರಿಗೋಸ್ಕರ ಬರೆದರು ಅಂತ ಜೊತೆಯಲ್ಲೇ ಹೇಳಿ.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಮುಕ್ತ ನಕ್ಷೆ ಬಳಸಿ. ಅದರಲ್ಲಿ ಮೂಲದ ಹೆಸರು ಹಾಕಿದರೆ ಸಾಕು, ಪ್ರಿಂಟ್ ಮಾಡಬಹುದು, ಬದಲಿಸಬಹುದು. ಗೂಗಲ್ ಮ್ಯಾಪಿನ ಸ್ಕ್ರೀನ್‌ಶಾಟ್‌ಗೆ ಆ ಸ್ವಾತಂತ್ರ್ಯ ಇಲ್ಲ.

ಹೆಜ್ಜೆ 5: ಯಾರದ್ದು, ಯಾರನ್ನು ಕೇಳಬೇಕು

ಹೆಚ್ಚಿನವರು ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಮೊದಲು ಕಾನೂನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರ ಜೀವಿತಾವಧಿ, ಆಮೇಲೆ 60 ವರ್ಷ, ಬರಹಕ್ಕೆ ಹಕ್ಕು ಇರುತ್ತದೆ. ಲೆಕ್ಕ ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗಲೇ ಪ್ರಕಟವಾದ ಬರಹಗಳು 2024ರ ಆರಂಭದಿಂದ ಎಲ್ಲರಿಗೂ ಮುಕ್ತ. ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಬರಹಗಳಿಗೆ 2057ರ ಕೊನೆಯ ತನಕ ಹಕ್ಕು ಇದೆ. ತರಗತಿಯಲ್ಲಿ ಪಾಠದ ಭಾಗವಾಗಿ ಒಂದು ಪುಟ ಓದಿಸಲು, ನಕಲು ಮಾಡಲು ಶಿಕ್ಷಕರಿಗೆ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ಅದನ್ನೇ ಆನ್‌ಲೈನಿನಲ್ಲಿ ಲೋಕಕ್ಕೆಲ್ಲ ಹಾಕುವುದು ಬೇರೆ ಮಾತು. ಪತ್ರಿಕೆಯಲ್ಲಿ ಬಂದ ಫೋಟೋ, ಯೂಟ್ಯೂಬಿನಿಂದ ಇಳಿಸಿದ ಯಕ್ಷಗಾನದ ತುಣುಕು ಹಾಕಲೇಬೇಡಿ, ಕೊಂಡಿ ಕೊಡಿ. ಯಕ್ಷಗಾನದ ಭಾಗವತರಿಗೆ, ವೇಷಧಾರಿಗಳಿಗೆ ಪ್ರದರ್ಶಕರ ಹಕ್ಕು ಅಂತ ಕಾಯ್ದೆಯಲ್ಲೇ ಇದೆ. ಪ್ರಸಂಗ ಬರೆದವರ ಹಕ್ಕು ಇದಕ್ಕಿಂತ ಬೇರೆ.

ನೀವೇ ತಯಾರಿಸಿದ್ದಕ್ಕೆ ಕ್ರಿಯೇಟಿವ್ ಕಾಮನ್ಸ್ (ಮುಕ್ತವಾಗಿ ಹಂಚಲು ಇರುವ ಸಿದ್ಧ ಪರವಾನಗಿ) ಷರತ್ತು ಹಾಕಿ. ಬೈ-ಎಸ್ಎ 4.0 ಅನ್ನುವುದು ನನ್ನ ಆಯ್ಕೆ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ಮೂಲದವರ ಹೆಸರು ಹೇಳಬೇಕು, ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ‘ವ್ಯಾಪಾರಕ್ಕೆ ಬಳಸಬಾರದು’ ಅನ್ನುವ ಷರತ್ತು ಸೇರಿಸಲು ಮನಸ್ಸಾಗುತ್ತದೆ, ಅಲ್ವಾ? ಆದರೆ ಅದನ್ನು ಸೇರಿಸಿದರೆ ವಿಕಿಮೀಡಿಯಾ ಕಾಮನ್ಸ್‌ನಂಥ ಜಾಗದಲ್ಲಿ ನಿಮ್ಮ ಫೋಟೋ ಇಡಲು ಬರುವುದಿಲ್ಲ. ಷರತ್ತನ್ನು ಪ್ರತಿ ಫೈಲಿನ ಕೊನೆಯಲ್ಲಿ ಸರಳ ಕನ್ನಡದಲ್ಲೇ ಬರೆಯಿರಿ.

ಕಾನೂನಿಗಿಂತ ದೊಡ್ಡದು ಜನರ ಒಪ್ಪಿಗೆ. ನೇಜಿ (ಭತ್ತದ ಸಸಿ) ನೆಡುವಾಗ ಪಾಡ್ದನ, ಅಂದರೆ ಬಾಯಿಂದ ಬಾಯಿಗೆ ಬಂದ ತುಳು ಕಥನ ಹಾಡು, ಹೇಳುವ ಅಮ್ಮನ ದನಿಯನ್ನು ರೆಕಾರ್ಡ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ‘ಶಾಲೆಗೆ ಬೇಕು’ ಅಂದರೆ ಅವರು ಹ್ಞೂಂ ಅನ್ನುತ್ತಾರೆ. ಆದರೆ ಅದು ಇಂಟರ್ನೆಟ್ಟಿಗೆ ಹೋಗುತ್ತದೆ, ಯಾರು ಬೇಕಾದರೂ ಕೇಳಬಹುದು, ಆಮೇಲೆ ಪೂರ್ತಿ ಹಿಂದೆ ತೆಗೆದುಕೊಳ್ಳಲು ಕಷ್ಟ ಅಂತ ಅವರ ಭಾಷೆಯಲ್ಲೇ, ತುಳುವಿನಲ್ಲೇ, ಬಿಡಿಸಿ ಹೇಳಿದ್ದೀರಾ? ಹೇಳಿದ ಮೇಲೆ ಅವರ ಒಪ್ಪಿಗೆಯನ್ನು ರೆಕಾರ್ಡಿಂಗಿನ ಆರಂಭದಲ್ಲೇ ಅವರ ಬಾಯಿಂದ ದಾಖಲಿಸಿ. ಅವರ ಹೆಸರು ಹಾಕಬೇಕೇ ಬೇಡವೇ ಅಂತಲೂ ಕೇಳಿ. ಎಷ್ಟೋ ಹಳೆಯ ಸಂಗ್ರಹಗಳಲ್ಲಿ ಬರೆದುಕೊಂಡವರ ಹೆಸರಿದೆ, ಹಾಡಿದವರ ಹೆಸರಿಲ್ಲ. ನಾವು ಹಾಗೆ ಮಾಡಬಾರದು.

ದೈವಾರಾಧನೆಯ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಕೋಲದ (ದೈವದ ವೇಷ ಕಟ್ಟಿ ನಡೆಸುವ ಆರಾಧನೆಯ) ವಿಡಿಯೋ ಎಲ್ಲೆಡೆ ಸಿಗುತ್ತದೆ ಅಂತ ನಾವೂ ಹಾಕಬಹುದು ಅಂತಲ್ಲ. ದೈವ ಕಟ್ಟುವವರು, ಗುತ್ತಿನವರು, ಊರವರು ಮೂರೂ ಕಡೆ ಕೇಳಬೇಕು. ಕೆಲವು ಕಡೆ ಫೋಟೋ ತೆಗೆಯುವುದೇ ಇಲ್ಲ. ಅಲ್ಲಿಗೆ ಮಾತು ಮುಗಿಯಿತು. ದೈವದ ವೇಷವನ್ನು ಮಕ್ಕಳಿಂದ ಹಾಕಿಸಿ ಕುಣಿಸುವ ‘ಚಟುವಟಿಕೆ’ ಯಾವ ಘಟಕದಲ್ಲೂ ಬೇಡ. ಒಂದು ಸಮುದಾಯದ ನಂಬಿಕೆ, ಇನ್ನೊಂದು ಸಮುದಾಯದ ಬದುಕು ಅದರಲ್ಲಿ ಸೇರಿಕೊಂಡಿದೆ. ಪಾಡ್ದನದ ಕಥೆ, ಅದರಲ್ಲಿ ಬರುವ ಊರು, ದಾರಿ, ಅನ್ಯಾಯಕ್ಕೆ ತಿರುಗಿಬಿದ್ದವರ ಬದುಕು, ಇವುಗಳ ಮೂಲಕವೇ ಧಾರಾಳ ಕಲಿಸಬಹುದು.

ಮಕ್ಕಳ ಮುಖ ಕಾಣುವ ಫೋಟೋ ಹಾಕದಿರುವುದೇ ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರನ್ನೆಲ್ಲ ಮಕ್ಕಳು ಅಂತಲೇ ಲೆಕ್ಕ ಹಾಕಿ, ಹೆತ್ತವರ ಒಪ್ಪಿಗೆ ಕೇಳುತ್ತದೆ. ಮಕ್ಕಳು ಬಿಡಿಸಿದ ಚಿತ್ರ, ತಂದ ಮಾಹಿತಿ ಹಾಕಿ. ಮುಖ ಬೇಡ.

ಹೆಜ್ಜೆ 6: ನಿಜ, ನಂಬಿಕೆ, ವಾದ

ಊರಿನ ಬಗ್ಗೆ ಬರೆಯುವಾಗ ದಾಖಲೆ ಮತ್ತು ಐತಿಹ್ಯ ಬೆರೆತುಹೋಗುತ್ತವೆ. ಎರಡೂ ಬೇಕು, ಆದರೆ ಯಾವುದು ಯಾವುದು ಅಂತ ಓದುವವರಿಗೆ ಗೊತ್ತಾಗಬೇಕು. ಪ್ರತಿ ಮುಖ್ಯ ವಾಕ್ಯದ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ‘ದಾಖಲೆ ಇದೆ’, ‘ಊರಲ್ಲಿ ಹೇಳುತ್ತಾರೆ’, ‘ಭಿನ್ನಾಭಿಪ್ರಾಯ ಇದೆ’.

ಕದ್ರಿಯ ಲೋಕೇಶ್ವರ ವಿಗ್ರಹವನ್ನು ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಅನ್ನುವುದಕ್ಕೆ ವಿಗ್ರಹದ ಪೀಠದಲ್ಲೇ ಶಾಸನವಿದೆ. ಕಾರ್ಕಳದ ಗೊಮ್ಮಟ 1432ರದ್ದು, ವೇಣೂರಿನದ್ದು 1604ರದ್ದು, ಅವಕ್ಕೂ ಶಾಸನದ ಆಧಾರವಿದೆ. ಇವು ಮೊದಲ ಗುಂಪು. ಪರಶುರಾಮ ಕೊಡಲಿ ಎಸೆದು ಕಡಲಿನಿಂದ ಭೂಮಿ ಪಡೆದ ಕಥೆ ಎರಡನೆಯದು. ವಾಸ್ಕೋ ಡ ಗಾಮಾ 1498ರಲ್ಲಿ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದಲ್ಲಿ ಇಳಿದು ಶಿಲುಬೆ ನೆಟ್ಟ ಅನ್ನುವುದನ್ನೂ ಪ್ರತೀತಿ ಅಂತಲೇ ಬರೆಯಿರಿ.

ಅದೇ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿ. ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಆದರೆ ಭೂವಿಜ್ಞಾನಿಗಳು ವಿಶ್ಲೇಷಣೆ ಮಾಡಿದಾಗ ಅದು ಬಸಾಲ್ಟಿಗಿಂತ ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಬಗೆಯ ಲಾವಾ ಅಂತ ಕಂಡುಬಂದಿದೆ. ವಯಸ್ಸು ಸುಮಾರು 8.8 ಕೋಟಿ ವರ್ಷ, ಭಾರತದಿಂದ ಮಡಗಾಸ್ಕರ್ ಬೇರೆಯಾದ ಕಾಲದ್ದು. ಹೈಸ್ಕೂಲಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಬೋರ್ಡಿನಲ್ಲಿ ಬರೆದದ್ದನ್ನೂ ಕಲ್ಲನ್ನು ನೋಡಿ ಪರೀಕ್ಷಿಸಬಹುದು ಅಂತ ಅವರಿಗೆ ಗೊತ್ತಾಗುತ್ತದೆ.

‘ಊರಲ್ಲಿ ಹೇಳುತ್ತಾರೆ’ ಅನ್ನುವ ಗುರುತು ಕೀಳು ಅಂತ ಯಾರಿಗೂ ಅನಿಸಬಾರದು. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನ ಒಂದು ಸಮಾಜ ತನ್ನ ನೋವು, ಧೈರ್ಯ ಎರಡನ್ನೂ ನೆನಪಿಟ್ಟುಕೊಂಡ ರೀತಿ. ಇಸವಿ ಕೇಳಲು ಅಲ್ಲಿಗೆ ಹೋಗುವುದಿಲ್ಲ ಅಷ್ಟೆ.

ಹೆಜ್ಜೆ 7: ಅಕ್ಷರ, ಫೋಟೋ, ದನಿ

ಹಳೇ ‘ನುಡಿ’, ‘ಬರಹ’ ತಂತ್ರಾಂಶಗಳ ಎಎಸ್‌ಸಿಐಐ (ಯೂನಿಕೋಡ್ ಅಲ್ಲದ ಹಳೇ ಬಗೆಯ) ಅಕ್ಷರದಲ್ಲಿ ಟೈಪ್ ಮಾಡಿದ ಟಿಪ್ಪಣಿ ಇನ್ನೂ ತುಂಬ ಇವೆ. ಅದನ್ನು ಹಾಗೇ ಹಾಕಿದರೆ ಬೇರೆ ಫೋನಿನಲ್ಲಿ ಅರ್ಥವಾಗದ ಗುರುತುಗಳು ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶ ಬಳಸಿ, ಎಲ್ಲ ಸಾಧನಗಳೂ ಗುರುತಿಸುವ ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ದೀರ್ಘ, ಇಸವಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಕೈಕೊಡುವುದು ಅಲ್ಲೇ. ಅಚ್ಚಾದ ಪುಟವಾದರೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಅದೇ ಗುರುತಿಸಿ ಕೊಡುತ್ತದೆ. ಅಲ್ಲೂ ತಿದ್ದುವ ಕೆಲಸ ತಪ್ಪಿದ್ದಲ್ಲ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಸಾಕು, ಉಚಿತ, ಎಲ್ಲ ಕಡೆ ಸರಿ ಕಾಣುತ್ತದೆ.

ತುಳು ಸಾಮಗ್ರಿಯನ್ನು ಸದ್ಯ ಕನ್ನಡ ಲಿಪಿಯಲ್ಲೇ ಕೊಡಿ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿಗೆ ಸೇರಿದೆ. ಇದು ಬಹಳ ಸಂತೋಷದ ವಿಷಯ. ಆದರೆ ಎಲ್ಲ ಫೋನುಗಳಿಗೆ ಫಾಂಟು, ಕೀಬೋರ್ಡು ತಲುಪುವ ತನಕ ಆ ಲಿಪಿಯ ಭಾಗವನ್ನು ಚಿತ್ರವಾಗಿಯೂ ಜೊತೆಗಿಡಿ. ನಮ್ಮ ಎರಡು ಜಿಲ್ಲೆಗಳ ಶಾಲೆಗಳಲ್ಲಿ 2010-11ರಿಂದ ತುಳು ತೃತೀಯ ಭಾಷೆಯಾಗಿ ಇದೆ. ಅದನ್ನು ಕಲಿಸುವವರಿಗೆ ಇಂಥ ಸಾಮಗ್ರಿ ತೀರಾ ಬೇಕು.

ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿನ ಹಾಗೆ ಕಳಿಸಿದರೆ ಸ್ಪಷ್ಟತೆ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ನೇರ ಡ್ರೈವಿಗೆ ಹಾಕಿ. ಶಾಸನದ ಫೋಟೋವನ್ನು ಬೆಳಿಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವಾಗ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನೂ ಹಚ್ಚಬಾರದು.

ದನಿ ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಾತಾಡುವವರಿಂದ ಒಂದು ಗೇಣು ದೂರದಲ್ಲಿಡಿ. ಮಳೆಗಾಲದಲ್ಲಿ ಹೆಂಚಿನ ಮಾಡಿನ ಅಡಿಯಲ್ಲಿ ಕೂತರೆ ಮಳೆಯ ಸದ್ದೇ ಜಾಸ್ತಿ. ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಬರೆಯುವ ಕೆಲಸ, ದೀಪಾವಳಿ ಕಳೆದ ಮೇಲೆ ತಿರುಗಾಟ ಮತ್ತು ರೆಕಾರ್ಡಿಂಗ್ ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ 8: ಎಲ್ಲಿ ಇಡುವುದು

ಮೂರು ಜಾಗ ಬೇಕು. ತಯಾರಾಗುತ್ತಿರುವುದಕ್ಕೆ ಒಂದು, ತಯಾರಾದದ್ದಕ್ಕೆ ಒಂದು, ನೆಟ್ ಇಲ್ಲದವರಿಗೆ ಒಂದು.

ತಯಾರಿಗೆ ಗೂಗಲ್ ಡ್ರೈವ್ ಸಾಕು. ಎಲ್ಲರೂ ಒಂದೇ ಫೈಲಿನಲ್ಲಿ ಬರೆಯಬಹುದು, ಯಾರು ಏನು ತಿದ್ದಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಆದರೆ ಅದನ್ನು ಯಾರೋ ಒಬ್ಬರ ಸ್ವಂತ ಖಾತೆಯಲ್ಲಿ ಇಡಬೇಡಿ. ಗುಂಪಿನ ಹೆಸರಿನಲ್ಲೇ ಒಂದು ಖಾತೆ ಮಾಡಿ. ಉಚಿತವಾಗಿ ಸಿಗುವುದು 15 ಜಿಬಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಅನ್ನುವುದು ನೆನಪಿರಲಿ.

ತಯಾರಾದ ಮೇಲೆ ಅಲ್ಲೇ ಬಿಡಬೇಡಿ. ಘಟಕಗಳನ್ನು, ದನಿಯನ್ನು ಇಂಟರ್ನೆಟ್ ಆರ್ಕೈವಿಗೆ, ಫೋಟೋಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ. ಎರಡೂ ಲಾಭಕ್ಕಾಗಿ ನಡೆಯುವುದಲ್ಲ, ದುಡ್ಡು ಕೇಳುವುದಿಲ್ಲ. ತುಳು ವಿಕಿಪೀಡಿಯ 2016ರಿಂದ ನಡೆಯುತ್ತಿದೆ. ನೀವು ಹಾಕಿದ ಫೋಟೋ ಅಲ್ಲಿನ ಲೇಖನಕ್ಕೂ ಉಪಯೋಗಕ್ಕೆ ಬರುತ್ತದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದ ಶಿಕ್ಷಕರು ಈಗಾಗಲೇ ವಿಷಯವಾರು ಸಾಮಗ್ರಿ ಕಟ್ಟಿದ್ದಾರೆ, ಅದನ್ನು ಮೊದಲೇ ನೋಡಿ. ಇದ್ದದ್ದನ್ನು ಮತ್ತೆ ಮಾಡುವುದು ತಪ್ಪುತ್ತದೆ. ಎಲ್ಲದಕ್ಕೂ ಕೊಂಡಿ ಕೊಡುವ ಒಂದೇ ಒಂದು ಪುಟವನ್ನು ಗೂಗಲ್ ಸೈಟ್ಸ್‌ನಲ್ಲಿ ಮಾಡಿ. ಅಲಂಕಾರ ಬೇಡ, ವಿಷಯ, ತರಗತಿ, ಊರು, ಕೊಂಡಿ ಇಷ್ಟು ಸಾಕು.

ಘಟ್ಟದ ಬುಡದ ಊರುಗಳಲ್ಲಿ ಇನ್ನೂ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಪ್ರತಿ ಘಟಕಕ್ಕೂ ಒಂದು ಜಿಪ್ ಫೈಲು ಮಾಡಿ. ಬರಹದ ಪಿಡಿಎಫ್ 2 ಎಂಬಿ ದಾಟದಿರಲಿ. ತಾಲೂಕಿನ ಶಿಕ್ಷಕರ ಸಭೆಗೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಎಷ್ಟೋ ಜನರಿಗೆ ಸಾಮಗ್ರಿ ತಲುಪುವುದು ಹಾಗೆಯೇ.

ಹೆಜ್ಜೆ 9: ಹುಡುಕಿದರೆ ಸಿಗಬೇಕು

ಪ್ರತಿ ಫೈಲಿನ ಹೆಸರಿನಲ್ಲಿ ಇಸವಿ, ಊರು, ವಿಷಯ, ಕ್ರಮಸಂಖ್ಯೆ ಇದೇ ಸಾಲಿನಲ್ಲಿ ಬರಲಿ. ‘ಹೊಸದು ಕೊನೆಯದು 2’ ಅನ್ನುವಂಥ ಹೆಸರು ಬೇಡ. ಜೊತೆಗೆ ಒಂದು ಎಕ್ಸೆಲ್ ಹಾಳೆಯಲ್ಲಿ ಯಾರು ಮಾಡಿದರು, ಯಾವಾಗ, ಎಲ್ಲಿ, ಯಾವ ಭಾಷೆ, ಯಾವ ಷರತ್ತು, ಒಪ್ಪಿಗೆ ಪತ್ರ ಎಲ್ಲಿದೆ ಅಂತ ತುಂಬಿಸಿ.

ಊರಿನ ಹೆಸರುಗಳಿಗೆ ವಿಶೇಷ ಗಮನ ಬೇಕು. ಮಂಗಳೂರನ್ನು ತುಳುವಿನವರು ಕುಡ್ಲ ಅಂತ, ಕೊಂಕಣಿಯವರು ಕೊಡಿಯಾಲ ಅಂತ, ಬ್ಯಾರಿಯವರು ಮೈಕಾಲ ಅಂತ ಹುಡುಕುತ್ತಾರೆ. ಎಲ್ಲ ಹೆಸರನ್ನೂ ಹುಡುಕುಪದವಾಗಿ ಸೇರಿಸಿ. ಕಾಸರಗೋಡಿನ ಕನ್ನಡ ಶಾಲೆಗಳವರೂ ನಮ್ಮ ಓದುಗರೇ. 1956ರಲ್ಲಿ ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದರೂ ಪಾಡ್ದನ, ಗದ್ದೆ, ಯಕ್ಷಗಾನ ಅಲ್ಲೂ ಇವೆ. ಅವರ ಪಠ್ಯಕ್ರಮ ಬೇರೆ, ಹಾಗಾಗಿ ಅಲ್ಲಿನ ಒಬ್ಬರು ಗುಂಪಿನಲ್ಲಿದ್ದರೆ ತುಂಬ ಸಹಾಯ.

ಹೆಜ್ಜೆ 10: ತರಗತಿಯಲ್ಲಿ ನೋಡಿ, ಆಮೇಲೆ ಬಿಡಿ

ಘಟಕ ಬರೆದವರು ತಾವೇ ಪಾಠ ಮಾಡಿ ನೋಡಿದರೆ ಸಾಲದು. ಬಾಯಲ್ಲಿ ತುಂಬಿಸಿಬಿಡುತ್ತಾರೆ, ಬರಹದಲ್ಲಿ ಬಿಟ್ಟುಹೋದದ್ದು ಗೊತ್ತಾಗುವುದಿಲ್ಲ. ಬೇರೆ ಶಾಲೆಯ ಒಬ್ಬರಿಗೆ ಕೊಡಿ, ಏನೂ ವಿವರಿಸಬೇಡಿ. ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಗೆ ಮಕ್ಕಳು ಸುಮ್ಮನಾದರು, ಸಮಯ ಸಾಕಾಯಿತೇ ಅಂತ ಕೇಳಿ ತಿದ್ದಿ. ಸಮುದ್ರ ತೀರದ ಶಾಲೆಯಲ್ಲಿ ಒಮ್ಮೆ, ಬೆಳ್ತಂಗಡಿ ಕಡೆಯ ಶಾಲೆಯಲ್ಲಿ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಮಲ್ಪೆಯ ಮಗುವಿಗೆ ಬೋಟು, ಬಲೆ ಹೇಳಿಕೊಡಬೇಕಾಗಿಲ್ಲ. ಘಟ್ಟದ ಬುಡದ ಮಗುವಿಗೆ ಚಿತ್ರ ಬೇಕು.

ಪ್ರಕಟಿಸಿದ ಮೇಲೆ ಬೇರೆಯವರು ತಿದ್ದಿ ಕಳಿಸಿದ್ದಕ್ಕೆ ದಾರಿ ಇರಲಿ. ಒಂದು ಇಮೇಲ್, ಒಂದು ಸಣ್ಣ ಗೂಗಲ್ ಫಾರ್ಮ್. ಬಂದ ತಿದ್ದುಪಡಿಗೆ ಹದಿನೈದು ದಿನದೊಳಗೆ ಉತ್ತರ ಕೊಡಿ, ಒಪ್ಪಿದರೆ ಅವರ ಹೆಸರನ್ನೂ ತಯಾರಕರ ಸಾಲಿಗೆ ಸೇರಿಸಿ. ಹಾಗೆ ಹೆಸರು ಬಂದವರು ಮುಂದಿನ ಘಟಕ ಬರೆಯಲು ತಾವಾಗಿ ಬರುತ್ತಾರೆ. ಬದಲಿಸಿದಾಗ ಮೇಲ್ಗಡೆ ಆವೃತ್ತಿ ಸಂಖ್ಯೆ, ದಿನಾಂಕ, ಏನು ಬದಲಾಯಿತು ಅಂತ ಒಂದು ಸಾಲು ಹಾಕಿ.

ಹೆಜ್ಜೆ 11: ಬೀಗದ ಕೈ ಯಾರಲ್ಲಿ

ಶಿಕ್ಷಕರ ಕೆಲಸದಲ್ಲಿ ವರ್ಗಾವಣೆ ಇದ್ದದ್ದೇ. ಆದ್ದರಿಂದ ಖಾತೆಗಳ ಪಾಸ್‌ವರ್ಡು ಕನಿಷ್ಠ ಮೂವರಲ್ಲಿ ಇರಲಿ, ಮೂವರೂ ಬೇರೆ ಬೇರೆ ಶಾಲೆಯವರಾಗಿರಲಿ. ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರು ಚಾಲ್ತಿಯಲ್ಲಿದೆಯೇ ಅಂತ ನೋಡುತ್ತಿರಿ. ಎಲ್ಲ ಫೈಲುಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಯಾವುದಾದರೂ ಕಾಲೇಜಿನ ಗ್ರಂಥಾಲಯದಲ್ಲಿ ಇರಲಿ. ನಮ್ಮ ಕಡೆಯ ತೇವಕ್ಕೆ ಪೆನ್‌ಡ್ರೈವು, ಡಿಸ್ಕುಗಳು ಬೇಗ ಕೆಡುತ್ತವೆ, ಗಾಳಿಯಾಡದ ಡಬ್ಬಿಯಲ್ಲಿಡಿ. ಒಪ್ಪಿಗೆ ಪತ್ರಗಳನ್ನು ಸ್ಕ್ಯಾನ್ ಮಾಡಿ, ಆದರೆ ಸಾರ್ವಜನಿಕ ಜಾಗದಲ್ಲಿ ಇಡಬೇಡಿ. ಅವುಗಳಲ್ಲಿ ಜನರ ವಿಳಾಸ, ಫೋನ್ ನಂಬರು ಇರುತ್ತವೆ.

ವರ್ಷಕ್ಕೊಮ್ಮೆ, ಮೇ ತಿಂಗಳ ರಜೆಯಲ್ಲಿ, ಗುಂಪು ಒಂದು ದಿನ ಕೂರಲಿ. ಕೊಂಡಿಗಳೆಲ್ಲ ತೆರೆಯುತ್ತವೆಯೇ, ಹೊಸ ಪಠ್ಯಪುಸ್ತಕದಲ್ಲಿ ಪಾಠದ ಸಂಖ್ಯೆ ಬದಲಾಗಿದೆಯೇ, ಒಪ್ಪಿಗೆ ಕೊಟ್ಟ ಯಾರಾದರೂ ಮನಸ್ಸು ಬದಲಿಸಿದ್ದಾರೆಯೇ ಅಂತ ಒಂದೊಂದಾಗಿ ನೋಡಿ. ಬೇಡ ಅಂದವರ ದನಿಯನ್ನು ಅಂದೇ ತೆಗೆಯಿರಿ, ಗ್ರಂಥಾಲಯದ ಪ್ರತಿಯಿಂದಲೂ. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಹೊಸ ಜಿಪ್ ಫೈಲುಗಳು ಬಿಆರ್‌ಸಿಗೆ ತಲುಪಿರಲಿ.